ವರ್ಷದಿಂದ ಯಾರೂ ಮುಟ್ಟದ ವಸ್ತುಗಳು

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಎಂಟರ್ ಒತ್ತಿದೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ನೆನಪಿನ ಬಲದಿಂದಲ್ಲ. ಯಂತ್ರ ಪ್ರತಿಯೊಂದು ಕಮಾಂಡಿನ ಪಕ್ಕದಲ್ಲೂ ಗಂಟೆ, ನಿಮಿಷ ಬರೆದಿಟ್ಟುಕೊಳ್ಳುತ್ತದೆ. ಆ ಸಾಲನ್ನು ನಾನು ಅದೇ ವಾರ ಅಳಿಸಿದೆ. ಅಳಿಸುವ ಮೊದಲು ಒಮ್ಮೆ ಓದಿದ್ದೆ.

ನಮ್ಮ ಊರಿನಲ್ಲಿರುವ ಎಲ್ಲಕ್ಕೂ ಪುರಸಭೆಯ ಹಿಂಬದಿಯ ಕೋಣೆಯ ಯಂತ್ರದಲ್ಲಿ ಒಂದೊಂದು ಫೈಲು ಇದೆ. ಬಾವಿಗೆ ಒಂದು, ಬಾವಿಯ ರಾಟೆಗೆ ಒಂದು, ರಾಟೆ ಕಿರುಗುಟ್ಟುವ ಸದ್ದಿಗೆ ಇನ್ನೊಂದು. ಫೈಲು ಸರಿಸಿದರೆ ವಸ್ತು ಸರಿಯುತ್ತದೆ, ಅಳಿಸಿದರೆ ಹೋಗುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಬೇವಿನ ಮರ ಅಡ್ಡ ಬಂದರೆ ಕೊಡಲಿ ಹುಡುಕುತ್ತಾರಂತೆ. ನಮ್ಮವರು ಚೀಟಿ ಬರೆದು ತರುತ್ತಾರೆ. 'ನಮ್ಮ ಬೇವಿನ ಮರ ಎರಡು ಮೊಳ ಪಡುವಣಕ್ಕೆ ಹೋದರೆ ಹಪ್ಪಳಕ್ಕೆ ಬಿಸಿಲು ಸಿಗುತ್ತದೆ, ದಯವಿಟ್ಟು.' ಆ ಚೀಟಿ ನೋಡಿ ಕಮಾಂಡ್ ಬರೆಯುವುದು ನನ್ನ ಕೆಲಸ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ ಈ ಕೋಣೆಗೆ ಬಂದು ಆಗ ಹನ್ನೊಂದು ವರ್ಷವಾಗಿತ್ತು.

ಕಮಾಂಡನ್ನು ಬರೆದ ಕೂಡಲೇ ಯಂತ್ರಕ್ಕೆ ಕೊಡುವಂತಿಲ್ಲ. ಅದು ಏನು ಮಾಡುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಓದುವವರ ಕೈಗೆ ಕೊಡಬೇಕು. ಓದುವವರು ಕಿಟಕಿಯ ಹತ್ತಿರ ನಿಂತು, ಹೊರಗಿನ ಜಗುಲಿಗೆ ಕೇಳುವಂತೆ ಅದನ್ನು ಓದಬೇಕು. ಜಗುಲಿಯಲ್ಲಿ ಕೂತವರಲ್ಲಿ ಯಾರೇ ಒಬ್ಬರು 'ತಡೀರಿ' ಎಂದರೂ ಕೆಲಸ ನಿಲ್ಲಬೇಕು. ಯಾರೂ ಏನೂ ಅನ್ನದಿದ್ದರೆ ಓದಿದವರು ರಿಜಿಸ್ಟರಿನಲ್ಲಿ ಸಹಿ ಮಾಡುತ್ತಾರೆ, ಆಮೇಲೆ ಎಂಟರ್. ಈ ಪದ್ಧತಿಯನ್ನು ಯಾರು ತಂದರೋ ಗೊತ್ತಿಲ್ಲ. ಅವರಿಗೆ ಯಂತ್ರಗಳ ಬಗ್ಗೆ ನನಗಿಂತ ಹೆಚ್ಚು ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ.

ಓದುವವರು ವನಜಾಕ್ಷಮ್ಮ. ಐವತ್ತಾರು ವರ್ಷ, ಒಂಟಿ, ಎರಡು ಬೀದಿ ಆಚೆ ತಂದೆ ಕಟ್ಟಿಸಿದ ಮನೆ. ಯಂತ್ರದ ಭಾಷೆ ಅವರಿಗೆ ಬಾರದು, ಬರುವುದು ಬೇಕಾಗಿಯೂ ಇರಲಿಲ್ಲ. ಓದುವಾಗ ಅವರ ದನಿ ಸಪಾಟಾಗಿ, ಯಾವ ಪಕ್ಷವನ್ನೂ ವಹಿಸದೆ ಹೊರಗೆ ಹೋಗುತ್ತಿತ್ತು. ಜಗುಲಿಯ ಕಾಯಂ ಸದಸ್ಯ ಅಚ್ಚಣ್ಣ, ಕೆಲಸ ಬಿಟ್ಟ ಬಡಗಿ. ಅವನಿಗೆ ತಡೆಯುವುದೇ ಒಂದು ಉದ್ಯೋಗ.

"ಗಾಣದ ಬೀದಿಯ ಕೊನೇ ದೀಪದ ಕಂಬ, ಮೂರು ಅಡಿ ಬಲಕ್ಕೆ" ಎಂದು ವನಜಾಕ್ಷಮ್ಮ ಓದಿದರೆ ಅಚ್ಚಣ್ಣ ಬೀಡಿ ಇಳಿಸಿ, "ತಡೀರಿ. ಯಾರ ಬಲಕ್ಕಮ್ಮ? ನಿನ್ ಬಲಕ್ಕೋ, ಕಂಬದ್ ಬಲಕ್ಕೋ?" ಎನ್ನುವನು.

"ಕಂಬಕ್ಕೆ ಬಲಗೈ ಎಡಗೈ ಎಲ್ಲಿಂದ ಬಂತು ಅಚ್ಚಣ್ಣ? ಉಣ್ಣುತ್ತಾ ಅದು?"

"ಅದು ಉಣ್ಣಲ್ಲ. ಹೋದ್ಸಲ ನೀವ್ ಸರಿಸಿದ್ ಕಂಬ ನಮ್ ಅಡಿಗೆಮನೇಲಿ ನಿಂತಿತ್ತಲ್ಲ, ನಾವ್ ಉಣ್ಣೋದನ್ನ ನೋಡ್ಕೊಂಡು!"

ಅದು ನಿಜ. ನಾನು ದಿಕ್ಕು ಬರೆದಿರಲಿಲ್ಲ. ಹಾಳೆ ವಾಪಸ್ಸು ಬರುತ್ತಿತ್ತು, 'ಮೂಡಣಕ್ಕೆ' ಎಂದು ತಿದ್ದಿ ಕೊಡುತ್ತಿದ್ದೆ. ಆಗೆಲ್ಲ ನನಗೆ ಒಳಗೊಳಗೇ ಸಿಟ್ಟು. ಒಂದು ಕಂಬಕ್ಕೆ ಇಪ್ಪತ್ತು ನಿಮಿಷ!

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅನುಭವದಿಂದ ಕಲಿತ ಸಣ್ಣ ಸಣ್ಣ ಉಪಾಯಗಳನ್ನು ಅದರಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿಡುತ್ತಿದ್ದೆ. ಒಂದೇ ಕೆಲಸ ಮೂರು ಸಲ ಮಾಡಬೇಕಾಗಿ ಬಂದರೆ ನಾಲ್ಕನೆಯ ಸಲಕ್ಕೆ ಸ್ಕ್ರಿಪ್ಟ್, ಅಂದರೆ ಯಂತ್ರ ತಾನೇ ಓಡಿಸಿಕೊಳ್ಳುವ ಕಮಾಂಡುಗಳ ಪಟ್ಟಿ, ಬರೆ. ಬೆಳಗಿನ ಜಾವ ತಾನೇ ಓಡಬೇಕಾದ ಸ್ಕ್ರಿಪ್ಟಿಗೆ ಫೈಲು ಇರುವ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಬರೆದುಕೊಡು, ಅದಕ್ಕೆ ನಿನ್ನಷ್ಟು ಊರು ಗೊತ್ತಿಲ್ಲ. ಏನನ್ನಾದರೂ ತಿದ್ದುವ ಮುನ್ನ ಅದರ ನಕಲಿಗೆ ಆ ದಿನದ ತಾರೀಖು ಅಂಟಿಸಿ ಪಕ್ಕಕ್ಕಿಡು. ಅಳಿಸುವ ಮುನ್ನ 'ಅಳಿಸು' ಎಂಬುದರ ಜಾಗದಲ್ಲಿ 'ತೋರಿಸು' ಎಂದು ಹಾಕಿ ಒಮ್ಮೆ ಓಡಿಸು, ಬಂದ ಪಟ್ಟಿಯನ್ನು ಕಣ್ಣಾರೆ ನೋಡು. ನೀರಿನ ವಿಭಾಗದವರು, ದೀಪದ ವಿಭಾಗದವರು ಈ ನೋಟ್‌ಬುಕ್ಕನ್ನು ಕೇಳಿ ಪಡೆದು ನಕಲು ಮಾಡಿಕೊಳ್ಳುತ್ತಿದ್ದರು. ಆ ಕೊನೆಯ ಉಪಾಯ ಇದ್ದದ್ದು ಎರಡನೆಯ ಪುಟದಲ್ಲೇ. ಕೆಳಗೆ ಕೆಂಪು ಗೆರೆ ಬೇರೆ ಎಳೆದಿದ್ದೆ.

ಮಾರ್ಚ್ ಎರಡನೇ ವಾರದಲ್ಲಿ ಯಂತ್ರದಲ್ಲಿ ಫೈಲುಗಳನ್ನು ಇಡುವ ಡಿಸ್ಕ್ ತುಂಬಿತು. ನೂರಕ್ಕೆ ನೂರು. ಊರಿಗೆ ಹೊಸದೇನೂ ಸೇರಲಾರದಾಯಿತು. ಬೆಳಿಗ್ಗೆ ಬಿಡಿಸಿದ ರಂಗೋಲಿ ಕೈ ತೆಗೆಯುವಷ್ಟರಲ್ಲಿ ಇರುತ್ತಿರಲಿಲ್ಲ. ಹೊಸ ಮಡಕೆ ಸಂಜೆಗೆ ಮಣ್ಣಾಗುತ್ತಿತ್ತು. ಜನ ಹೇಗೋ ಹೊಂದಿಕೊಂಡರು. ಹಳೇ ಮಡಕೆಗೇ ಸಿಮೆಂಟು ಮೆತ್ತಿ ಉಪಯೋಗಿಸಿದರು, ಮದುವೆಯೊಂದನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು. ಆದರೆ ಹುಟ್ಟುವವರನ್ನು ಮುಂದಕ್ಕೆ ಹಾಕಲಾಗುವುದಿಲ್ಲ.

ಹದಿನಾಲ್ಕರ ಬೆಳಿಗ್ಗೆ ಹತ್ತು ಗಂಟೆಗೆ ಸೊಪ್ಪಿನ ದೇವೀರಮ್ಮ ಆರು ದಿನದ ಮೊಮ್ಮಗಳನ್ನು ಎತ್ತಿಕೊಂಡು ಕಿಟಕಿಯ ಮುಂದೆ, ಬಿಸಿಲಿನಲ್ಲಿ ಬಂದು ನಿಂತರು.

"ನೋಡಿ ಸ್ವಾಮಿ, ನಿಮ್ ಕಣ್ಣಿಂದ್ಲೇ ನೋಡಿ. ನನ್ ನೆಳ್ಳೈತೆ. ನನ್ ಸೆರಗಿನ್ ನೆಳ್ಳೈತೆ. ಕೂಸಿಂದೆಲ್ಲೈತೆ?"

ನೋಡಿದೆ. ನೆಲದ ಮೇಲಿನ ನೆರಳಿನಲ್ಲಿ ದೇವೀರಮ್ಮ ಖಾಲಿ ತೋಳುಗಳನ್ನು ತೂಗುತ್ತಿದ್ದರು.

"ಇವತ್ತೇ ಆಗುತ್ತೆ ಕಣಮ್ಮ, ನಮ್ ಚಿದಾನಂದ್ ಅವ್ರು ಏನಾದ್ರೂ ಮಾಡ್ತಾರೆ" ಎಂದರು ವನಜಾಕ್ಷಮ್ಮ. ಅಷ್ಟು ಹೊತ್ತಿಗಾಗಲೇ ನಾವು ನಲವತ್ತು ವಸ್ತುಗಳ ಒಂದು ಪಟ್ಟಿಯನ್ನು ಓದಿ ಅಳಿಸಿದ್ದೆವು. ಸುಟ್ಟ ಬಲ್ಬು, ಒಡೆದ ಹೆಂಚು, ಇಂಥವು. ಅದರಿಂದ ಒಂದು ಚಿಟಿಕೆ ಜಾಗವೂ ಆಗಿರಲಿಲ್ಲ. ವನಜಾಕ್ಷಮ್ಮ ದೇವೀರಮ್ಮನ ಭುಜ ಹಿಡಿದು, "ಬನ್ನಿ, ಒಂದ್ ಲೋಟ ಕಾಫಿ ಕುಡೀರಿ ಮೊದ್ಲು" ಎನ್ನುತ್ತ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು.

ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಒಂದು ಸ್ಕ್ರಿಪ್ಟ್ ತಿಂಗಳಿನಿಂದ ನನ್ನ ತಲೆಯಲ್ಲಿತ್ತು. ಯಂತ್ರಕ್ಕೆ ಪ್ರತಿ ವಸ್ತುವನ್ನೂ ಮನುಷ್ಯರ ಕೈ ಕೊನೆಯ ಸಲ ಮುಟ್ಟಿದ್ದು ಯಾವತ್ತು ಎಂಬುದು ಗೊತ್ತಿರುತ್ತದೆ. ಒಂದು ವರ್ಷದಿಂದ ಯಾರೂ ಮುಟ್ಟದಿರುವುದನ್ನೆಲ್ಲ ಹುಡುಕಿ ಅಳಿಸು: ಒಂದೇ ಸಾಲಿನ ಕಮಾಂಡ್. ಮುಟ್ಟದ್ದು ಎಂದರೆ ಬೇಡವಾದದ್ದು. ಇದನ್ನು ನಾನು ಸಾಧಿಸಿ ತೋರಿಸಬೇಕಾದ ಪ್ರಮೇಯ ಎಂದುಕೊಳ್ಳಲೇ ಇಲ್ಲ, ಕಣ್ಣಿಗೆ ಕಾಣುವ ಸತ್ಯ ಎಂದುಕೊಂಡೆ.

ಮೊದಲು ಎಣಿಸಿದೆ. ಸಾವಿರದ ಮುನ್ನೂರ ಹನ್ನೆರಡು. ಒಂದೊಂದನ್ನು ಓದಿ, ಜಗುಲಿಗೆ ಯೋಚಿಸಲು ಬಿಡುವು ಕೊಟ್ಟರೆ ತಲಾ ಇಪ್ಪತ್ತು ಸೆಕೆಂಡ್. ಒಟ್ಟು ಏಳು ಗಂಟೆ ಹದಿನೇಳು ನಿಮಿಷ. ಅಚ್ಚಣ್ಣನ ಬಲ ಎಡ ಬೇರೆ. ಅಷ್ಟು ಹೊತ್ತು ಮಗುವಿಗೆ ನೆರಳಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಆ ಲೆಕ್ಕ ಹಾಕಿದ್ದು ಮಗುವಿಗಾಗಿ ಅಲ್ಲ, ಸ್ಕ್ರಿಪ್ಟ್ ಓಡಿಸಲು ಮನಸ್ಸು ಮಾಡಿಯಾದ ಮೇಲೆ ಎಂಬುದನ್ನು ಇಲ್ಲಿ ಬರೆಯಬೇಕು. ಎಣಿಸಿದೆನೇ ಹೊರತು ಪಟ್ಟಿಯನ್ನು ನೋಡಲಿಲ್ಲ. ಎಣಿಸುವುದೂ ನೋಡುವುದೂ ಒಂದೇ ಎಂಬಷ್ಟು ಧೈರ್ಯ ಆ ಸಂಖ್ಯೆಯಿಂದ ಬಂದಿತ್ತು.

ಅಳಿಸುವಾಗ ಯಂತ್ರ ಪ್ರತಿ ವಸ್ತುವಿಗೂ ಹೆಸರು ಹೇಳಿ 'ಅಳಿಸಲೇ?' ಎಂದು ಕೇಳುತ್ತದೆ. ಅದಕ್ಕೂ ಉಪಾಯ ನನ್ನ ನೋಟ್‌ಬುಕ್ಕಿನಲ್ಲಿತ್ತು. ಎಷ್ಟು ಪ್ರಶ್ನೆ ಬಂದರೂ ತಾನೇ 'ಹೌದು, ಹೌದು' ಎನ್ನುತ್ತ ಹೋಗುವ ಇನ್ನೊಂದು ಪುಟ್ಟ ಕಮಾಂಡನ್ನು ಮುಂದೆ ಜೋಡಿಸುವುದು. ಜೋಡಿಸಿದೆ. ರಿಜಿಸ್ಟರಿನ ಆ ದಿನದ ಪುಟದಲ್ಲಿ ವನಜಾಕ್ಷಮ್ಮನ ಸಹಿ ಆಗಲೇ ಇತ್ತು. 'ಬೆಳಿಗ್ಗೆ ಒಂದೇ ಸಲ ಸಹಿ ಹಾಕಿಬಿಡಿ ಅಮ್ಮ, ಪ್ರತಿ ಸಲ ಕನ್ನಡಕ ಹುಡುಕೋದು ತಪ್ಪುತ್ತೆ' ಎಂದು ಹಿಂದಿನ ವರ್ಷ ಹೇಳಿಕೊಟ್ಟವನೂ ನಾನೇ. ಎಂಟರ್ ಒತ್ತಿದೆ. ಸಾವಿರದ ಮುನ್ನೂರ ಹನ್ನೆರಡು ಪ್ರಶ್ನೆ, ಅಷ್ಟೇ ಉತ್ತರ, ನಾಲ್ಕು ಸೆಕೆಂಡಿನಲ್ಲಿ ಪರದೆಯ ಮೇಲಕ್ಕೆ ಓಡಿಹೋದವು. ಒಂದು ಪದವನ್ನೂ ಓದಲಾಗಲಿಲ್ಲ. ಓಡುವುದು ನೋಡಲು ಚೆನ್ನಾಗಿತ್ತು.

ಹೊರಗೆ ಹೋಟೆಲಿನ ಕಡೆಯಿಂದ ದೇವೀರಮ್ಮ ಕೂಗಿಕೊಂಡರು. ಅವರ ಕಾಲ ಬಳಿಯ ನೆರಳಿನಲ್ಲಿ ಒಂದು ಪುಟ್ಟ ಮುಷ್ಟಿ ಆಡುತ್ತಿತ್ತು. ಅಂದು ಸಂಜೆ ಅವರ ಮನೆಯಿಂದ ತಂಬಿಟ್ಟು ಬಂತು. "ಏನ್ ಮಾಡಿದ್ರಿ?" ಎಂದು ವನಜಾಕ್ಷಮ್ಮ ಕೇಳಿದರು. "ಬೆಳಿಗ್ಗೆ ಓದಿದ್ವಲ್ಲ, ಆ ಪಟ್ಟೀದೇ, ಸ್ವಲ್ಪ ನಿಧಾನವಾಗಿ ಜಾಗ ಬಿಡ್ತು" ಎಂದೆ. ಅದು ನನ್ನ ಮೊದಲ ಸುಳ್ಳು. ಆ ಹೊತ್ತಿಗೆ ಅದರಿಂದ ಯಾರಿಗೂ ನಷ್ಟ ಕಾಣಲಿಲ್ಲ. ಬಾಯಲ್ಲಿ ತಂಬಿಟ್ಟು ಇತ್ತು.

ಮಾರನೆಯ ದಿನದಿಂದ ಒಬ್ಬೊಬ್ಬರಾಗಿ ಬಂದರು. ಒಟ್ಟು ಒಂಬತ್ತು ಜನ. ಸಾವಿರದ ಮುನ್ನೂರ ಹನ್ನೆರಡರಲ್ಲಿ ಉಳಿದವು ಹೋದದ್ದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಅಷ್ಟರ ಮಟ್ಟಿಗೆ ನನ್ನ ಪ್ರಮೇಯ ನಿಜವೇ. ಒಬ್ಬರ ಅಟ್ಟದ ಮೇಲಿನ ತೊಟ್ಟಿಲು. ಒಬ್ಬರ ಮನೆಯ ಗೋಡೆಗೆ ಮೊಳೆ ಹೊಡೆದು ಎತ್ತರಕ್ಕೆ ನೇತುಹಾಕಿದ್ದ ತಂಬೂರಿ. ಕೆರೆಯ ಕೆಳಗಿನ ಮೆಟ್ಟಿಲು, ಬರಗಾಲ ಬಂದಾಗ ಮಾತ್ರ ಕಾಣುವಂಥದ್ದು. ಅಚ್ಚಣ್ಣನ ಗುರು ಮರ ಹೆರೆಯುತ್ತಿದ್ದ ಕೀಸುಳಿ. "ಮುಟ್ಟಿದ್ರೆ ಮೊನೆ ಹೋಗುತ್ತೆ ಅಂತ ಎತ್ತಿಟ್ಟಿದ್ದೆ ಕಣಯ್ಯ, ಎತ್ತಿಟ್ಟಿದ್ದಕ್ಕೇ ಹೋಯ್ತು" ಎಂದು ಅವನು ನಗಲು ನೋಡಿದ. ಪಟ್ಟಿ ಬೆಳೆಯುತ್ತಿದ್ದಂತೆ ನನಗೆ ಅರ್ಥವಾಗತೊಡಗಿತು. ಜನ ಮುಟ್ಟದೆ ಬಿಡುವುದು ಎರಡು ಬಗೆಯ ವಸ್ತುಗಳನ್ನು: ಬೇಡವಾದವನ್ನು ಮತ್ತು ತುಂಬಾ ಬೇಕಾದವನ್ನು. ತಾರೀಖು ನೋಡಿದರೆ ಎರಡೂ ಒಂದೇ.

ವನಜಾಕ್ಷಮ್ಮ ಆ ಮಾರನೆಯ ದಿನವೇ ಹನ್ನೊಂದಕ್ಕೆ ಬಂದರು. ನಾನು ಕಂಡ ಹನ್ನೊಂದು ವರ್ಷದಲ್ಲಿ ಮೊದಲ ಸಲ ತಡ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಮ್ಮನೆ ಹಿತ್ತಲಂಗಳದಲ್ಲಿ ನನ್ ತಂಗೀದೊಂದು ಹೆಜ್ಜೆ ಇತ್ತು" ಎಂದರು. "ಅಂಬುಜಂದು. ಇಲ್ಲ ಅದು."

ಅವರಿಗೆ ಏಳು ವರ್ಷ, ಅಂಬುಜಳಿಗೆ ಐದು ಇದ್ದಾಗ ಅಂಗಳಕ್ಕೆ ಹೊಸದಾಗಿ ಸಿಮೆಂಟು ಹಾಕಿಸಿದ್ದರಂತೆ. ಆಟದಲ್ಲಿ ಇವರೇ ತಳ್ಳಿದ್ದು. ಅವಳ ಬಲಗಾಲು ಹಸಿ ಸಿಮೆಂಟಿನ ಮೇಲೆ ಬಿತ್ತು. ಅಪ್ಪ ಬೈದರು, ಮೇಸ್ತ್ರಿಗೆ ಹೇಳಿ ಸರಿ ಮಾಡಿಸುತ್ತೇನೆ ಎಂದರು. ಅಷ್ಟರಲ್ಲಿ ಅಂಬುಜಳಿಗೆ ಜ್ವರ ಬಂತು. ನಾಲ್ಕನೆಯ ದಿನ ಹೋದಳು. ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ. ಅವಳದೊಂದು ಫೋಟೋ ಕೂಡ ತೆಗೆಸಿರಲಿಲ್ಲ. ಆ ಹೆಜ್ಜೆಯ ಮೇಲೆ ಒಂದು ಬಿದಿರಿನ ಬುಟ್ಟಿ ಕವಿಚಿಟ್ಟು, ನಲವತ್ತೊಂಬತ್ತು ವರ್ಷ ಅದನ್ನು ಬಳಸಿಕೊಂಡೇ ನಡೆದಿದ್ದರು. ಬುಟ್ಟಿ ಹಳತಾದಾಗ ಬುಟ್ಟಿ ಬದಲಾಯಿಸುತ್ತಿದ್ದರು. ಗುರುತಿಗೆ ಬೆರಳು ತಾಕಿಸುತ್ತಿರಲಿಲ್ಲ.

"ಬುಟ್ಟಿ ಇದೆ" ಎಂದರು. "ಎತ್ತಿ ನೋಡಿದ್ರೆ ನೆಲ ನುಣ್ಣಗಿದೆ."

ಯಂತ್ರ ನನ್ನನ್ನು ಕೇಳಿತ್ತು. ಮನೆ ಯಾರದು, ಅಂಗಳ ಯಾವುದು, ಪಾದ ಯಾರದು ಎಂದು ಪೂರ್ತಿ ಹೆಸರು ಹೇಳಿ, ಅಳಿಸಲೇ ಎಂದು ಕೇಳಿತ್ತು. ನಾನು ಹೌದು ಎಂದಿದ್ದೆ.

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಕೂಡ. ಆದರೆ ಅವರೇ ಮುಂದುವರಿಸಿದರು: "ನಿನ್ನೆ ಬೆಳಿಗ್ಗೆ ನಲವತ್ತು ಓದಿದ್ನಲ್ಲ, ಅದ್ರಲ್ಲಿ ಇತ್ತಾ ಇದು? ಹಿತ್ತಲು, ಸಿಮೆಂಟು ಅಂತ ಏನೋ ಇತ್ತು ಅಲ್ವಾ?" ಒಡೆದ ಸಿಮೆಂಟು ತೊಟ್ಟಿಯೊಂದು ಇತ್ತು. ನಾನು, "ನೋಡ್ಬೇಕು ಅಮ್ಮ" ಎಂದೆ. ಆ ನಲವತ್ತರ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅಂದು ಮನೆಗೆ ಒಯ್ದು ಹಂಡೆಯ ಒಲೆಗೆ ಹಾಕಿದೆ. ಮರುದಿನ ಎಲ್ಲರಿಗಿಂತ ಮುಂಚೆ ಕಚೇರಿಗೆ ಬಂದು, ಯಂತ್ರದ ನೆನಪಿನಿಂದ ಹತ್ತು ನಲವತ್ತೆರಡರ ಸಾಲನ್ನು ತೆಗೆದೆ. ಅದು ಹೇಗೆ ಎಂಬುದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಆದರೂ ಗೊತ್ತಿತ್ತು.

ಮುಖ್ಯಾಧಿಕಾರಿಗಳ ವಿಚಾರಣೆ ಹದಿನೈದು ನಿಮಿಷದಲ್ಲಿ ಮುಗಿಯಿತು. ರಿಜಿಸ್ಟರ್ ತರಿಸಿದರು. "ಸಹಿ ನಿಮ್ದೇ ಅಲ್ವೇನಮ್ಮ?" "ನಂದೇ ಸಾರ್." "ಓದಿದ್ರಾ?" "ಓದಿರ್ಬೇಕು ಸಾರ್. ಓದದೆ ಇವ್ರು ಒತ್ತೋರಲ್ಲ." ಅಚ್ಚಣ್ಣನನ್ನು ಕರೆದು ಕೇಳಿದರೆ, "ನಲವತ್ತರಲ್ಲಿ ಹದಿನೈದಕ್ಕೇ ನಂಗೆ ನಿದ್ದೆ ಬಂತು ಬುದ್ಧಿ, ಸುಳ್ಯಾಕೆ ಹೇಳ್ಲಿ" ಎಂದ. ಮುಖ್ಯಾಧಿಕಾರಿಗಳು ಯಾರನ್ನೂ ದೂರಲಿಲ್ಲ. ವನಜಾಕ್ಷಮ್ಮ ತಾವೇ ಕನ್ನಡಕದ ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡರು. "ತಂಗಿ ಹೆಜ್ಜೇನೇ ಗ್ಯಾನ ಇಲ್ದೆ ಓದ್ಬಿಟ್ಟೋಳು ಊರಿನೋರದ್ದು ಇನ್ನೇನು ಓದಿದೀನೋ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೋದರು.

ಹೊಸಬರು ಸಿಗುವ ತನಕ ನಾನೇ ಬರೆದು ನಾನೇ ಓದಬೇಕು ಎಂದು ಆದೇಶವಾಯಿತು. ಊರು ತನ್ನ ಪಾಡಿಗೆ ಹೊಂದಿಕೊಂಡಿತು. ಮುಟ್ಟದ್ದು ಹೋಗುತ್ತದೆ ಎಂದು ಹೇಗೋ ಸುದ್ದಿ ಹಬ್ಬಿತ್ತು. ಜನ ದಾರಿಯಲ್ಲಿ ಹೋಗುತ್ತ ಗೋಡೆ, ಕಂಬ, ಕಟ್ಟೆ ಸವರಿಕೊಂಡು ಹೋಗತೊಡಗಿದರು. ಸೊಸೆಯಂದಿರು ಭಾನುವಾರ ಏಣಿ ಹಾಕಿ ಅಟ್ಟದ ಒಂದೊಂದು ಪಾತ್ರೆಯನ್ನೂ ಮುಟ್ಟಿ ಇಳಿದರು. ಒಬ್ಬ ಮುದುಕರು ತಮ್ಮ ಹೆಂಡತಿಯ ಕೆನ್ನೆ ಮುಟ್ಟಿದ್ದು, ಆಕೆ "ಥೂ, ಜಗುಲಿ ಮೇಲೆ!" ಎಂದದ್ದು ದೊಡ್ಡ ನಗೆಯಾಯಿತು. ನಾನೂ ನಕ್ಕೆ. ನನ್ನ ತಪ್ಪು ಊರಿನ ಅಭ್ಯಾಸವಾಗುವುದನ್ನು ದಿನವೂ ಕಿಟಕಿಯಿಂದ ನೋಡುತ್ತಿದ್ದೆ.

ಕೆಲಸ ಬಿಟ್ಟ ಎಂಟನೆಯ ದಿನ ವನಜಾಕ್ಷಮ್ಮ ಬಂದರು. ಒಳಗೆ ಬರಲಿಲ್ಲ. ತಾವು ಯಾವತ್ತೂ ಓದುತ್ತಿದ್ದ ಕಿಟಕಿಯ ಹೊರಗಡೆ ನಿಂತರು.

"ಒಂದು ಕೇಳ್ಬೇಕಿತ್ತು. ನಂಗೆಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ. ನೀವು ಒಳಗೇ ಇದ್ರಲ್ಲ. ಆ ಸಾಲು ಬಂದಾಗ ನಾನು ಹೆಂಗೆ ಓದ್ದೆ? ಸ್ವಲ್ಪಾನಾದ್ರೂ ನಿಲ್ಸಿದ್ನಾ?"

ಇದಕ್ಕೆ ಸತ್ಯವಾದ ಉತ್ತರ ಒಂದೇ ಇತ್ತು. ಅದನ್ನು ಹೇಳಲು ಒಂದು ನಿಮಿಷ ಸಾಕಿತ್ತು.

"ಬೇಗ ಓದಿದ್ರಿ ಅಮ್ಮ" ಎಂದೆ. "ತುಂಬಾ ಕೆಲ್ಸ ಇತ್ತಲ್ಲ ಅವತ್ತು."

ಅವರು ತಲೆ ಆಡಿಸಿದರು. ತಮಗೆ ಗೊತ್ತಿದ್ದುದನ್ನೇ ಯಾರೋ ಖಚಿತಪಡಿಸಿದ ಹಾಗೆ. "ಹೂಂ. ಬೇಗ ಓದಿರ್ತೀನಿ" ಎಂದು ಹೋದರು. ಸ್ಕ್ರಿಪ್ಟ್ ಓಡಿಸಿದ್ದನ್ನು ಅವಸರ ಎನ್ನಬಹುದು, ಸಾಲು ಅಳಿಸಿದ್ದನ್ನು ಹೆದರಿಕೆ ಎನ್ನಬಹುದು. ಇದಕ್ಕೆ ನನ್ನ ಬಳಿ ಹೆಸರಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ. ಸುಮ್ಮನೆ 'ನೆನಪಿಲ್ಲ' ಎಂದಿದ್ದರೂ ನಡೆಯುತ್ತಿತ್ತು. ಅವರಿಗೆ ಸಮಾಧಾನವಾಗಲಿ ಎಂಬಂಥ ದನಿಯಲ್ಲಿ, ಅವರ ಬಳಿ ಉಳಿದಿದ್ದ ಸಣ್ಣ ಅನುಮಾನವನ್ನೂ ಕಿತ್ತುಕೊಂಡೆ.

ಏಪ್ರಿಲ್ ಒಂದರಂದು ನೀರಿನ ಪೈಪು ಸರಿಪಡಿಸಲು ಅವರ ಬೀದಿಯನ್ನು ಅಗೆದಿದ್ದರು. ನಾನು ಹಿತ್ತಲ ಓಣಿಯಲ್ಲಿ ಕಚೇರಿಗೆ ಹೊರಟೆ. ಅವರ ಕಾಂಪೌಂಡಿನ ಹಿಂದೆ ಬಂದಾಗ ಓದುವ ದನಿ ಕೇಳಿತು. ಬಾಗಿಲ ಸಂದಿಯಿಂದ ಕಂಡಿತು. ವನಜಾಕ್ಷಮ್ಮ ಅಂಗಳದಲ್ಲಿ ನಿಂತು, ಕಡಲೆಕಾಯಿ ಕಟ್ಟಿ ತಂದ ಹಳೇ ಪತ್ರಿಕೆಯ ತುಂಡೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಸಾಲು ಓದುವುದು, ನಿಲ್ಲಿಸುವುದು, ಬೆರಳಿನಲ್ಲಿ ಐದು ಎಣಿಸುವುದು, ಮತ್ತೆ ಅದೇ ಸಾಲು. "ಗೋಧಿ ಬೆಲೆ ಸ್ಥಿರ." ಒಂದು, ಎರಡು, ಮೂರು, ನಾಲ್ಕು, ಐದು. "ಗೋಧಿ ಬೆಲೆ ಸ್ಥಿರ." ಎದುರಿಗೆ ಯಾರೂ ಇರಲಿಲ್ಲ. ನಿಧಾನವಾಗಿ ಓದುವುದನ್ನು ಕಲಿಯುತ್ತಿದ್ದರು. ಮೂವತ್ತು ವರ್ಷ ಒಂದು ಅಕ್ಷರ ನುಂಗದೆ ಓದಿದ ಹೆಂಗಸು.

ಅಂದು ಕಚೇರಿಯಲ್ಲಿ ಒಂದು ಹಾಳೆ ತೆಗೆದುಕೊಂಡೆ. ಹತ್ತು ನಲವತ್ತೆರಡರ ಕಮಾಂಡ್ ಏನು ಮಾಡುತ್ತದೆ ಎಂಬುದನ್ನು, ಅವತ್ತೇ ಬರೆಯಬೇಕಾಗಿದ್ದ ಹಾಗೆ, ಕನ್ನಡದಲ್ಲಿ ಬರೆದೆ. 'ಒಂದು ವರ್ಷದಿಂದ ಯಾರೂ ಮುಟ್ಟದ ವಸ್ತುಗಳನ್ನೆಲ್ಲ ಹುಡುಕು. ಸಾವಿರದ ಮುನ್ನೂರ ಹನ್ನೆರಡು ಇವೆ. ಒಂದನ್ನೂ ತೋರಿಸಬೇಡ. ಅಳಿಸಲೇ ಎಂದು ಕೇಳಿದಾಗಲೆಲ್ಲ ಹೌದು ಎಂದುಕೊ.' ಅದರ ಕೆಳಗೆ, ಇದನ್ನು ಯಾರೂ ಓದಲಿಲ್ಲ, ಒತ್ತಿದವನು ಚಿದಾನಂದ ಎಂದು ಬರೆದೆ. ಮಾರನೆಯ ಬೆಳಿಗ್ಗೆ ಜಗುಲಿ ತುಂಬಿದ ಮೇಲೆ ಕಿಟಕಿಯ ಹತ್ತಿರ ನಿಂತು ಓದಿದೆ. ಎರಡು ಕಡೆ ತಡವರಿಸಿದೆ.

ಮುಗಿದ ಮೇಲೆ ಅಚ್ಚಣ್ಣನ ಬೀಡಿ ಆರಿತ್ತು.

"ತಡೀರಿ ಅಂತ ಈಗಂದ್ರೆ ಏನಾದ್ರೂ ನಿಲ್ಲುತ್ತೇನಯ್ಯ?" ಎಂದ.

"ಇಲ್ಲ."

"ಮತ್ತೆ ನಮ್ಗ್ಯಾಕ್ ಓದ್ತಿದೀಯ? ನನ್ ಕೀಸುಳಿ ಮನೆ ಹಾಳಾಗ್ಲಿ. ಆಯಮ್ಮನ ಮನೆ ಎರಡು ಬೀದಿ ಆಚೆ ಐತೆ. ಅಲ್ಲೋಗಿ ಓದು. ಜನ ಇದ್ರೆ ಧೈರ್ಯ ಅಂತ ಇಲ್ಲಿ ಓದ್ತೀಯಾ?"

ಅವನು ಹೇಳಿದ್ದು ಸರಿ. ನೂರು ಜನರ ಮುಂದೆ ಓದುವುದು ಒಬ್ಬರ ಮುಂದೆ ಓದುವುದಕ್ಕಿಂತ ಸುಲಭ ಎಂದೇ ಅಲ್ಲಿ ಓದಿದ್ದೆ. ಅದೇ ಹಾಳೆ ಹಿಡಿದು ಹೋದೆ.

ವನಜಾಕ್ಷಮ್ಮ ಹಿತ್ತಲಂಗಳದಲ್ಲಿ ಮೊರದಲ್ಲಿ ಹೆಸರುಬೇಳೆ ಆರಿಸುತ್ತಿದ್ದರು. ನಿಂತೇ ಓದಿದೆ. ಅವರು ಮೊರದಿಂದ ಕಣ್ಣು ಎತ್ತಲಿಲ್ಲ, ಕೈ ಮಾತ್ರ ನಿಂತಿತ್ತು.

"ಹಂಗಾದ್ರೆ ನಾನು ಓದ್ಲಿಲ್ಲ" ಎಂದರು.

"ಇಲ್ಲ ಅಮ್ಮ."

"ಅವ್ಳ ಹೆಸ್ರು ನನ್ ಬಾಯಿಂದ ಬರ್ಲಿಲ್ಲ."

"ಇಲ್ಲ."

ಅವರ ಮುಖದಲ್ಲಿ ಏನೋ ಸಡಿಲವಾಯಿತು. ಸಿಟ್ಟಿಗೆ ನಾನು ಸಿದ್ಧನಾಗಿ ಬಂದಿದ್ದೆ, ಅದು ಸಿಟ್ಟಾಗಿರಲಿಲ್ಲ. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು, ಯಾಕೆಂದರೆ ಆ ನಿರಾಳವನ್ನು ಹತ್ತೊಂಬತ್ತು ದಿನ ನಾನು ಕಿಸೆಯಲ್ಲಿಟ್ಟುಕೊಂಡು ಓಡಾಡಿದ್ದೆ. ಆಮೇಲೆ ಅವರು ತಲೆ ಎತ್ತಿದರು.

"ಅವ್ಸರಕ್ಕೆ ಒತ್ತಿದ್ರಿ, ಆಯ್ತು. ಹೆದ್ರಿಕೆಗೆ ಮುಚ್ಚಿಟ್ರಿ, ಅದೂ ಆಯ್ತು. ಕಿಟ್ಕಿ ಹತ್ರ ಬಂದು ಕೇಳ್ದಾಗ 'ಬೇಗ ಓದಿದ್ರಿ' ಅಂದ್ರಲ್ಲ. ಅ‍ದೇನದು?"

ನಾನು ಹಾಳೆಯನ್ನು ಮಡಿಸಿದೆ. ಅವರು ಕೂತುಕೊಳ್ಳಿ ಎನ್ನಲಿಲ್ಲ. ಮೊರವನ್ನು ಒಳಗಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು: "ಅದನ್ನ ವಾಪಸ್ ತರಕ್ಕಾಗುತ್ತಾ?"

ಸುಳ್ಳು ಹೇಳಬಾರದೆಂದು ನಿಧಾನವಾಗಿ ಹೇಳಿದೆ. ನಕಲು ಇಟ್ಟಿರಲಿಲ್ಲ. ಉದ್ದ, ಅಗಲ, ಆಳ, ಬೆರಳುಗಳ ನಡುವಿನ ಅಂತರ ಹೇಳಿದರೆ ಅದನ್ನು ಬರೆದು ಯಂತ್ರಕ್ಕೆ ಕೊಡಬಹುದು. ನೆಲದಲ್ಲಿ ಅಂಥದೇ ಒಂದು ತಗ್ಗು ಬರುತ್ತದೆ. ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

"ಅವ್ಳ ಕಾಲಿಂದಲ್ಲ."

"ಅಲ್ಲ. ನಾನು ಬರೆದದ್ದು."

"ಅಳತೆ ಅಷ್ಟೆ."

"ಅಳತೆ ಅಷ್ಟೆ."

ಅವರು ನುಣ್ಣಗಿನ ನೆಲವನ್ನು ನೋಡಿದರು. ಬುಟ್ಟಿ ಈಗ ಗೋಡೆಗೆ ಒರಗಿತ್ತು. "ನಿಮ್ ಹೆಜ್ಜೆ ಇಟ್ಕೊಂಡು ನಾನೇನ್ ಮಾಡ್ಲಿ? ಬೇಡ" ಎಂದರು. ಆಮೇಲೆ, "ಅಳತೆ ಮಾತ್ರ ಬರ್ಕೊಳ್ಳಿ. ರಿಜಿಸ್ಟರಲ್ಲಿ, ಅವತ್ತಿನ ಪುಟದಲ್ಲಿ, ನನ್ ಸಹಿ ಮೇಲೆ. ನಾನು ಹೋದ್ಮೇಲೆ ಅವ್ಳ ಕಾಲು ಎಷ್ಟಿತ್ತು ಅನ್ನೋದು ಯಾರಿಗೂ ಗೊತ್ತಿರಲ್ಲ" ಎಂದರು.

"ನೀವು ಯಾವತ್ತೂ ಅಳೆದಿರಲಿಲ್ಲವಲ್ಲ ಅಮ್ಮ. ಮುಟ್ಟೇ ಇರಲಿಲ್ಲ."

"ನೋಡಿದ್ದೆ" ಎಂದರು.

ನೆಲದ ಮೇಲೆ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಚೋಟಿನ ಹಾಗೆ ಅಗಲಿಸಿ ಸಿಮೆಂಟಿನ ಮೇಲೆ ಊರಿದರು. ನಾನು ಜೇಬಿನ ಉಕ್ಕಿನ ಸ್ಕೇಲು ತೆಗೆದು, ಅವರ ಬೆರಳಿಗೆ ತಾಕದ ಹಾಗೆ ಪಕ್ಕದಲ್ಲಿಟ್ಟು ಓದಿದೆ. ಓದಿದ್ದನ್ನು ಹೇಳಲಿಲ್ಲ, ಒಂದೇ ಅಳತೆಯನ್ನು ನಂಬಬಾರದೆಂದು ಕಲಿತವನು. ಇನ್ನೊಮ್ಮೆ ತೋರಿಸಿ ಎಂದೆ. ಅವರು ಕೈ ಎತ್ತಿ, ಕೊಡವಿ, ಮತ್ತೆ ಊರಿದರು. ಮೂರನೆಯ ಸಲ ಎದ್ದು ಅಂಗಳವನ್ನು ಒಂದು ಸುತ್ತು ಬಂದು ಕೂತರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ಅಳತೆಗಳು ಮಿಲಿಮೀಟರಿನ ತನಕ ಒಂದೇ ಬಂದರೆ ಯಾರದ್ದೋ ನೋಡಿ ಬರೆದಿದ್ದೀಯ ಎಂದು ನಮ್ಮ ಮೇಷ್ಟ್ರು ಹಾಳೆ ಹರಿದುಹಾಕುತ್ತಿದ್ದರು. ಅಂದು ಮಧ್ಯಾಹ್ನ ರಿಜಿಸ್ಟರಿನ ಮಾರ್ಚ್ ಹದಿನಾಲ್ಕರ ಪುಟದಲ್ಲಿ, ವನಜಾಕ್ಷಮ್ಮನವರ ಸಹಿಯ ಮೇಲೆ, ಮೂರೂ ಅಳತೆಗಳನ್ನು ಒಂದರ ಕೆಳಗೊಂದು ಬರೆದೆ. ಅಂಬುಜ, ಐದು ವರ್ಷ, ಬಲಗಾಲು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ: ಮೂರು ಸಲವೂ ಹದಿನಾರು ಸೆಂಟಿಮೀಟರ್ ಎರಡು ಮಿಲಿಮೀಟರ್.